ಟಂಟಂ ಬಳಿಗೆ ಹೋದ ದಾಖಲಾತಿ ಪುಸ್ತಕ

ಆ ವರ್ಷ ನಮ್ಮ ಸರ್ಕಾರಿ ಶಾಲೆಗೆ ಒಂದೇ ಒಂದು ಮಗು ಕಡಿಮೆ ಬಿದ್ದಿತ್ತು. ಅದು ಸಿಗದಿದ್ದರೆ ಇಬ್ಬರು ಶಿಕ್ಷಕಿಯರಲ್ಲಿ ಒಬ್ಬಳನ್ನು ಬೇರೆಡೆ ಕಳಿಸುತ್ತಾರೆ. ಕಿರಿಯಳು ನಾನು, ಹೋಗಬೇಕಾದವಳೂ ನಾನೇ. ಗಂಗಾವತಿ ಕಡೆಯ ಆ ಭತ್ತದ ಊರನ್ನು ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ದಾಖಲಾತಿ ಪುಸ್ತಕ ಹಿಡಿದು ಮನೆಮನೆ ಅಲೆದೆ. ಅದೂ ನಾಟಿಯ ಕಾಲದಲ್ಲಿ, ಹಗಲು ಹನ್ನೊಂದು ಗಂಟೆಗೆ! ಮೂರು ದಿನ ಬೀಗ ನೋಡಿಕೊಂಡು ಬಂದೆ. ಬಿಸಿಯೂಟದ ಅಡುಗೆಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಈ ಹೊತ್ತಿನಾಗ ಮನ್ಯಾಗ ಯಾರ್ ಇರ್ತಾರ್ರೀ ಅಕ್ಕೋರ? ಮುಂಜಾನೆ ಟಂಟಂ ನಿಂದರೂ ಕಡೆ ಹೋಗ್ರಿ."

ಮರುದಿನ ಬೆಳಕು ಹರಿಯುವಷ್ಟರಲ್ಲಿ ಹೋಗಿ ನಿಂತೆ. ನಾಟಿಯ ಹೆಂಗಸರು ಬುತ್ತಿ ಹಿಡಿದು ಗದ್ದೆಗೆ ಹೋಗುವ ಟಂಟಂ ಆಟೋ ಹತ್ತುತ್ತಿದ್ದರು. ಕುಷ್ಟಗಿ ಕಡೆಯಿಂದ ದುಡಿಯಲು ಬಂದಿದ್ದ ಒಬ್ಬಳ ಪಕ್ಕದಲ್ಲಿ ಏಳು ವರ್ಷದ ಮಗಳು, ಆ ಮಗಳ ಬಗಲಲ್ಲಿ ವರ್ಷ ತುಂಬಿದ ತಂಗಿ.

"ಹುಡುಗೀನ್ನ ಸಾಲಿಗಿ ಕಳಸ್ರಿ," ಎಂದೆ.

"ಆಕಿ ಸಾಲಿಗಿ ಬಂದ್ರ ಈ ಕೂಸಿನ್ನ ನೀವು ಹಿಡೀತೀರೇನ್ರೀ?"

ಟಂಟಂ ತುಂಬ ನಗು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹಿಡೀತೀನಿ, ತರ್ರಿ!" ಎಂದುಬಿಟ್ಟೆ. ಅವಳು ತಡಮಾಡದೆ ಕೂಸನ್ನು ದಾಖಲಾತಿ ಪುಸ್ತಕದ ಮೇಲೆಯೇ ನನ್ನ ಕೈಗಿಟ್ಟು ಟಂಟಂ ಹತ್ತಿದಳು.

ಒಂದನೇ ತರಗತಿಯಲ್ಲಿ ಹಳೇ ಸೀರೆಯ ಜೋಲಿ ಕಟ್ಟಿದೆವು. ಕನ್ನಡ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಸರದಿಯಂತೆ ತೂಗುತ್ತ, ತಂತಮ್ಮ ಅಮ್ಮಂದಿರ ಜೋಗುಳ ಹಾಡುತ್ತಿದ್ದರು. ಸುಳ್ಳೇಕೆ, ಮೊದಲ ವಾರ ನನಗೆ ಬೇಕಿದ್ದದ್ದು ಹಾಜರಿಯ ಲೆಕ್ಕ ಮಾತ್ರ. ಆಮೇಲೊಂದು ದಿನ ಕೂಸು ಕಿರುಚಿ ಅತ್ತರೂ ಅಕ್ಕ ತಲೆ ಎತ್ತಲಿಲ್ಲ. ಸ್ಲೇಟಿನ ಮೇಲೆ ಮೊದಲ ಸಲ ತನ್ನ ಹೆಸರು ಬರೆಯುತ್ತಿದ್ದಳು. ನಾನೇ ಎದ್ದು ಹೋಗಿ ಕೂಸನ್ನು ಎತ್ತಿಕೊಂಡೆ. ಅಷ್ಟು ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ನನ್ನ ಜಾಗವೇನೋ ಉಳಿಯಿತು. ಆದರೆ ನಾಟಿ ಮುಗಿಯುತ್ತಿದ್ದಂತೆ ಹೊಸ ಹೆದರಿಕೆ ಶುರುವಾಯಿತು. ಇವರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರೆ ಹುಡುಗಿಯ ಓದು ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿ ಒಂದು ದಿನ ತಾಯಿಯೇ ಶಾಲೆಗೆ ಬಂದಳು.

"ಕಳೆ ತಗಿಯೂ ಕೆಲಸ ಸಿಕ್ಕೈತ್ರಿ, ಇಲ್ಲೇ ಇರ್ತೀವಿ," ಎಂದಳು. "ಮಗಳು ಹಟ ಹಿಡದಾಳ, ಬರಂಗಿಲ್ಲ ಅಂತ."

ಐದು ವರ್ಷ ಕಳೆದಿವೆ. ದೊಡ್ಡವಳು ಈಗ ಪಕ್ಕದೂರಿನಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಈ ಜೂನ್‌ನಲ್ಲಿ ನಾನು ಎಂದಿನಂತೆ ನಸುಕಿಗೇ ಪುಸ್ತಕ ಹಿಡಿದು ಟಂಟಂ ಬಳಿ ಹೊರಟಿದ್ದೆ. ಶಾಲೆಯ ಗೇಟಿನಲ್ಲೇ ಆ ತಾಯಿ ಎದುರಾದಳು. ಹಿಂದೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಪುಟ್ಟ ಹುಡುಗಿ. ಅಭ್ಯಾಸಬಲದಿಂದ ನಾನು ಎರಡೂ ಕೈ ಚಾಚಿದೆ.

"ಈ ಸಲ ನೀವು ಹಿಡಿಯೂದು ಬ್ಯಾಡ್ರೀ ಅಕ್ಕೋರ," ಎಂದಳು ತಾಯಿ. "ಆಕೀನ ನಡಕೋಂತ ಬಂದಾಳ."