ಹುಳದ ಮನೆಯ ಮೊದಲ ಪ್ರಶ್ನೆ

ಪಕ್ಕದ ಮನೆಯ ದೊಡ್ಡವ್ವನ ಹಲ್ಲು ಹೊಗೆಸೊಪ್ಪು ಜಗಿದು ಜಗಿದು ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಆದರೆ ರೇಷ್ಮೆಹುಳದ ಕೋಣೆಗೆ ಕಾಲಿಡುವ ಮುನ್ನ ಮೂರು ಸಲ ಬಾಯಿ ಮುಕ್ಕಳಿಸಿ, ಬೂದಿ ಉಜ್ಜಿ ಕೈ ತೊಳೆಯುತ್ತಿದ್ದಳು. ಹೊಗೆಸೊಪ್ಪಿನ ಘಾಟು ತಾಗಿದರೆ ಹುಳ ಸಾಯುತ್ತದೆ. ನಮ್ಮೂರು ಬದನಗುಪ್ಪೆಯ ಸುತ್ತಮುತ್ತ ಯಾರ ಮನೆಯ ಹುಳ ಕೆಟ್ಟರೂ ಅವಳಿಗೇ ಕರೆ ಬರುತ್ತಿತ್ತು. ಆ ಹೆಸರು ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ, ಪಾಪ.

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಅತ್ತೆ ಬೇಗೂರಿನ ಮಗಳ ಬಾಣಂತನಕ್ಕೆ ಹೊರಟಾಗ ಹನ್ನೆರಡು ತಟ್ಟೆ ಹುಳ ನನ್ನ ಪಾಲಿಗೆ ಬಿತ್ತು. "ಹುಳ ಕೆಟ್ರ ನಿಮ್ಮವ್ವನ ಮನಗ ಓಗ್ಬುಡು, ಕರ್ಯಾಕ ಯಾರೂ ಬರಲ್ಲ" ಎಂದು ಹೇಳಿಯೇ ಬಸ್ಸು ಹತ್ತಿದರು. ಅವರು ಹೇಳಿದ್ದನ್ನು ಮಾಡುವವರೇ.

ದೊಡ್ಡವ್ವ ಕಲಿಸಿಕೊಟ್ಟಳು. "ತಟ್ಟೆ ಮುಂದ ನಿಂತು ವರಸೆಯಾಗಿ ಕೇಳ್ಕೊ ಕಣಮ್ಮಿ. ತಲ ಎತ್ಕಂಡು ಅಲ್ಲಾಡ್ದಂಗ ಅವಾ? ಜ್ವರ ಅದು, ಮುಟ್ಬ್ಯಾಡ. ಇಲ್ವಾ, ಮೈ ಹಣ್ಣಾಗದಾ? ಗೂಡು ಕಟ್ಟಕ ಬಿದಿರಿನ ಚಂದ್ರಿಕೆಗ ಬುಡು. ಅದೂ ಇಲ್ವಾ, ಸೊಪ್ಪು ಮುಟ್ಟಿಲ್ವಾ? ಸೀಕು, ಹೂತ್ಬುಡು. ಯಾವ್ದೂ ಅಲ್ದಿದ್ರ ಸೊಪ್ಪಾಕು. ಒಂದ್ಕ ಊಂ ಅಂದ್ಮೇಲ ಮುಂದಿನ್ದು ಕೇಳಂಗಿಲ್ಲ."

ಜ್ವರವೆಂದರೆ ಹುಳ ಪೊರೆ ಬಿಡುವ ಹೊತ್ತು. ಒಂದು ದಿನ ಏನೂ ತಿನ್ನದೆ, ತಲೆ ಎತ್ತಿ ಅಲುಗಾಡದೆ ಇರುತ್ತದೆ; ನಿಜವಾದ ರೋಗವೆಂದರೆ ಸೀಕು. ಈಚೆಗೆ ಮೊಮ್ಮಗಳು ಕಂಪ್ಯೂಟರಿಗೆ ಬರೆಯುವ 'ಇಫ್, ಎಲ್ಸ್ ಇಫ್, ಎಲ್ಸ್' ತೋರಿಸಿದಾಗ ನನಗೇನೂ ಹೊಸದೆನ್ನಿಸಲಿಲ್ಲ. ಮೇಲಿನಿಂದ ಕೇಳುತ್ತಾ ಬರಬೇಕು, ಮೊದಲು ಸಿಕ್ಕ ಹೌದಿಗೆ ನಿಲ್ಲಬೇಕು. ವರಸೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಅದು ನನಗೆ ಹೇಗೆ ತಿಳಿಯಿತೆಂದು ಮಾತ್ರ ಅವಳಿಗೆ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾಲ್ಕು ತಟ್ಟೆಯಲ್ಲಿ ಸೊಪ್ಪು ಹಾಕಿದ ಹಾಗೇ ಬಾಡಿತ್ತು. ಭಯಕ್ಕೆ ಸೀಕಿನ ಪ್ರಶ್ನೆಯೇ ಮೊದಲು ಬಾಯಿಗೆ ಬಂತು. ಮಿಕ್ಕವಕ್ಕೆ ಹರಡೀತೆಂದು ಒಂದು ತಟ್ಟೆಯನ್ನು ಹಿತ್ತಲ ಗುಂಡಿಗೆ ಸುರಿದು ಸುಣ್ಣ ಎರಚಿದೆ. ಎರಡನೆಯದನ್ನು ತರುವಷ್ಟರಲ್ಲಿ ದೊಡ್ಡವ್ವ ಬೇಲಿ ದಾಟಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ತಲ ಎತ್ಕಂಡವಲ್ಲಮ್ಮಿ. ಮೊದ್ಲು ಏನ್ ಕೇಳ್ದೆ?"

"ಸೊಪ್ಪು ತಿಂದವಾ ಅಂತ."

ಅವಳು ಗುಂಡಿಯೊಳಕ್ಕೆ ನೋಡಿದಳು. ಸುಣ್ಣದಡಿ ಒಂದೆರಡು ಹುಳ ಇನ್ನೂ ಮಿಸುಕುತ್ತಿದ್ದವು. "ಬದುಕಿರವ ಹೂತ್ಬುಟ್ಟಲ್ಲ" ಎಂದಷ್ಟೇ ಅಂದು ಕಾಲಿನಿಂದ ಮಣ್ಣೆಳೆದಳು.

ಮಾರನೆಯ ದಿನ ಉಳಿದ ಮೂರೂ ತಟ್ಟೆಯ ಹುಳ ಪೊರೆ ಬಿಟ್ಟು ಸೊಪ್ಪಿಗೆ ಬಾಯಿ ಹಾಕಿದವು. ಹತ್ತು ದಿನ ಕಳೆದು ಬಂದ ಅತ್ತೆ ತಟ್ಟೆ ಎಣಿಸಿದವರೇ ಕೇಳಿದರು: "ಇನ್ನೊಂದು ತಟ್ಟೆ ಹುಳ ಎಲ್ಲಿ?"

ಸೀಕು ಬಂತೆಂದರೆ ನನ್ನ ಕೈ ಕೊಳಕು, ಜ್ವರವೆಂದು ತಿಳಿಯಲಿಲ್ಲವೆಂದರೆ ನಾನು ದಡ್ಡಿ. ಎರಡಕ್ಕೂ ತವರೇ ಗತಿ. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಹೇಳಿದಳು: "ನಾನೇ ಹೂತಾಕು ಅಂದೆ ಕಣವ್ವ. ಜ್ವರದ ಹುಳನ ಸೀಕು ಅಂದ್ಕಂಡ್ಬುಟ್ಟೆ. ಕಣ್ಣು ಮಂಜಾಗದ."

ಅತ್ತೆ ಸುಮ್ಮನಿರುವವರಲ್ಲ. ಜ್ವರಕ್ಕೂ ಸೀಕಿಗೂ ವ್ಯತ್ಯಾಸ ಕಾಣದ ಮುದುಕಿ ಎಂಬ ಮಾತು ವಾರದೊಳಗೆ ಊರೆಲ್ಲ ಸುತ್ತಿತು. ಆಮೇಲೆ ಯಾರೂ ಅವಳನ್ನು ಹುಳ ನೋಡಲು ಕರೆಯಲಿಲ್ಲ.

ಎರಡು ವರ್ಷಕ್ಕೆ ತೀರಿಕೊಂಡಳು. "ಕೊನೆಗಾಲದಲ್ಲಿ ಕಣ್ಣೇ ಓಗಿತ್ತು ಪಾಪ" ಎಂದು ಹೆಣದ ಸುತ್ತ ಕೂತ ಹೆಂಗಸರು ಮಾತಾಡಿಕೊಂಡರು. ಅವಳ ಕಣ್ಣು ಚೆನ್ನಾಗಿಯೇ ಇತ್ತು. ಅತ್ತೆ ಅಲ್ಲೇ ಇದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ.