ಕ್ಲಬ್ಬಿನ ಮಶೀನಿಗೆ ಕೈ ಪಳಗಿಸುವ ಪಾರವ್ವ

ಬೆಳಗಿನ ಆರೂಕಾಲು. ತುರ್ಭೆಯ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬಂದವರು ಚಹದ ಗಾಡಿಯ ಸುತ್ತ ನಿಂತಿದ್ದಾರೆ. ಎದುರಿನ ಗೋದಾಮಿನ ಶಟರ್ ಅರ್ಧಕ್ಕೆ ಎದ್ದಿದೆ. ಒಳಗಿನಿಂದ ಧಬ್ ಧಬ್ ಎಂಬ ತಾಳ ಕೇಳುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಸೀರೆಯ ಮೇಲೊಂದು ಗಂಡಸರ ಅಂಗಿ ತೊಟ್ಟು, ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡ ಪಾರವ್ವ, ಡೀಜೆ ಮಶೀನೊಂದರ ತಿರುಗುಗುಂಡಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ. ಪಕ್ಕದಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ಷು, ಹತ್ತಿ, ಸ್ಪಿರಿಟ್ಟಿನ ಬಾಟಲಿ.

"ಇದು ನಿನ್ನೆ ಮದುವಿಗೆ ಹೋಗಿತ್ರಿ. ಯಾರೋ ಇದರ ಮ್ಯಾಲ ಜಾಮೂನಿನ ಪಾಕ ಸುರುವ್ಯಾರ," ಎನ್ನುತ್ತಾ ಅವರು ಒಂದು ಗುಂಡಿಯನ್ನು ಕಿತ್ತು ಮೂಗಿಗೆ ಹಿಡಿಯುತ್ತಾರೆ. "ವಾಸನಿ ಇನ್ನೂ ಐತಿ."

ಸಿಂದಗಿ ಕಡೆಯ ಪಾರವ್ವನಿಗೆ ಈಗ ನಲವತ್ತಾರು. ಓದಿದ್ದು ಏಳನೆಯ ಇಯತ್ತೆ. ಟಿಟ್ವಾಳಾದ ಮನೆಯಿಂದ ನಾಲ್ಕೂವರೆಗೆ ಹೊರಟು, ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಆರರ ಸುಮಾರಿಗೆ ತುರ್ಭೆ ಮುಟ್ಟುತ್ತಾರೆ. ಬಾಡಿಗೆಗೆ ಹೋಗಿ ಬಂದ ಹದಿನಾಲ್ಕು ಹದಿನೈದು ಸೆಟ್ಟುಗಳು ದಿನವೂ ಅವರ ಕೈಯಡಿ ಹಾದುಹೋಗುತ್ತವೆ. ಒಂದೊಂದರಲ್ಲೂ ನೂರರ ಹತ್ತಿರ ಗುಂಡಿಗಳಿದ್ದು, ಅವರು ಮುಟ್ಟದ ಗುಂಡಿ ಗೋದಾಮು ದಾಟುವುದಿಲ್ಲ.

ಮೊದಲು ಈ ಗೋದಾಮಿಗೆ ಬಂದದ್ದು ಗಂಡ ಸೈದಪ್ಪ, ಸ್ಪೀಕರ್ ಪೆಟ್ಟಿಗೆ ಹೊರುವ ಹಮಾಲನಾಗಿ. ಒಂದು ದಿನ ಟೆಂಪೋದಿಂದ ಪೆಟ್ಟಿಗೆ ಜಾರಿ ಅವನ ಬೆನ್ನಿಗೆ ಪೆಟ್ಟಾಯಿತು. ಆರು ತಿಂಗಳು ಮಲಗಿದಲ್ಲೇ. ಪಾರವ್ವ ಕಸ ಗುಡಿಸಲು ಸೇರಿದರು. ಆಗಿದ್ದ ಮೆಕ್ಯಾನಿಕ್ ಅನೀಶ ಮಂಗಳೂರು ಕಡೆಯವನು. ಅವನು ಮಶೀನು ಬಿಚ್ಚಿದಾಗಲೆಲ್ಲ ಈಕೆ ಪೊರಕೆ ಹಿಡಿದು ಹಿಂದೆ ನಿಂತಿರುತ್ತಿದ್ದರು. ನಾಲ್ಕು ವರ್ಷದ ಮೇಲೆ ಅನೀಶ ದುಬೈಗೆ ಹೊರಟಾಗ ಸ್ಕ್ರೂಡ್ರೈವರ್‌ಗಳ ಡಬ್ಬಿಯನ್ನು ಅವರ ಕೈಗಿಟ್ಟು, "ನಿಮಗೆ ಬರ್ತದೆ ಪಾರಕ್ಕ, ಸುಮ್ನೆ ಹೆದರ್ಬೇಡಿ" ಎಂದು ಹೇಳಿ ಹೋದ. ಸೈದಪ್ಪ ಈಗ ಟಿಟ್ವಾಳಾದಲ್ಲೇ ಒಂದು ಸೊಸಾಯಿಟಿಯ ವಾಚ್‌ಮನ್.

ಆದರೆ ಡೊಂಬಿವಲಿ, ಕಲ್ಯಾಣ, ಕೋಪರಖೈರಣೆಯ ಹುಡುಗ ಹುಡುಗಿಯರು ಇಂದು ಪಾರಕ್ಕನನ್ನು ಹುಡುಕಿ ಬರುವುದು ರಿಪೇರಿಗಲ್ಲ. ಮನೆಯಲ್ಲಿ ಕಲಿಯಲು ಯಾವ ಕಂಟ್ರೋಲರ್, ಅಂದರೆ ಲ್ಯಾಪ್‌ಟಾಪಿಗೆ ಜೋಡಿಸುವ ಚಿಕ್ಕ ಡೀಜೆ ಮಶೀನು, ಕೊಂಡರೆ ಮುಂದೆ ಕ್ಲಬ್ಬಿನಲ್ಲಿ ಕೈ ತಡವರಿಸುವುದಿಲ್ಲ ಎಂದು ಕೇಳಲು. ಈ ಸಲಹೆಯ ಹಿಂದೆ ಅವರದೇ ಒಂದು ತಪ್ಪಿನ ಕತೆಯಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಎರಡು ವರ್ಷದ ಹಿಂದೆ ಡೊಂಬಿವಲಿಯ ಸೋನಾಲಿ ಕಂಟ್ರೋಲರ್ ಕೊಳ್ಳಲು ಬಂದಳು. ಬಾಗಲಕೋಟೆ ಮೂಲದ ಮನೆಯ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಗೋದಾಮಿನ ಮಾಲೀಕ, ಸೋಲಾಪುರದ ಭುಜಂಗ, ಬಣ್ಣಬಣ್ಣದ ದೀಪಗಳ ಮಶೀನೊಂದನ್ನು ತೋರಿಸಿದರು. ಒಂದು ಗುಂಡಿ ಒತ್ತಿದರೆ ಎರಡು ಹಾಡುಗಳ ತಾಳ ತಾನೇ ಕೂಡಿಕೊಳ್ಳುತ್ತಿತ್ತು. ಅದರ ಚಕ್ರ ಅಂಗೈಯಗಲ, ವೇಗ ಹೊಂದಿಸುವ ಪಟ್ಟಿ ಬೆರಳುದ್ದ. ಕ್ಲಬ್ಬುಗಳಿಗೆ ಹೋಗುವ ದೊಡ್ಡ ಮಶೀನು ಹೀಗಿರುವುದಿಲ್ಲ ಎಂದು ಪಾರವ್ವನಿಗೆ ಗೊತ್ತಿತ್ತು. "ಮಾಲೀಕರು ಮಾತಾಡುವಾಗ ಕಸಾ ಹೊಡಿಯಾಕ ಬಂದಾಕಿ ನಡುವ ಬಾಯಿ ಹಾಕೋದು ಚಂದಲ್ಲಂತ ಸುಮ್ನಾದೆ. ಅದ ನನ್ನ ತಪ್ಪು."

ಎಂಟು ತಿಂಗಳ ಮೇಲೆ ಸೋನಾಲಿಗೆ ಠಾಣೆಯ ಒಂದು ಕ್ಲಬ್ಬಿನಲ್ಲಿ ಮಧ್ಯಾಹ್ನದ ಪರೀಕ್ಷೆ ಸಿಕ್ಕಿತು. ಅಲ್ಲಿ ಲ್ಯಾಪ್‌ಟಾಪ್ ಇಡಲೂ ಜಾಗವಿರಲಿಲ್ಲ. ಎರಡು ಬೇರೆಬೇರೆ ಪ್ಲೇಯರ್, ನಡುವೆ ಒಂದು ಮಿಕ್ಸರ್. ಅವಳು ತಂದ ಪೆನ್‌ಡ್ರೈವಿನ ಹಾಡುಗಳನ್ನು ಆ ಪ್ಲೇಯರಿಗೆ ಬೇಕಾದಂತೆ ಸಿದ್ಧಪಡಿಸಿರಲಿಲ್ಲ. ಪರದೆಯ ಮೇಲೆ ತಾಳದ ಗೆರೆ ಮೂಡಲಿಲ್ಲ. ಎರಡು ಹಾಡುಗಳು ಎತ್ತೊಂದು ಕಡೆ, ಕೋಣವೊಂದು ಕಡೆ ಎಳೆದಂತಾದವು. ಹನ್ನೊಂದನೇ ನಿಮಿಷಕ್ಕೆ ಮ್ಯಾನೇಜರ್ ಸದ್ದಿಳಿಸಿಬಿಟ್ಟ.

ಆ ಮಶೀನನ್ನು ವಾಪಸು ಮಾರಲು ಗೋದಾಮಿಗೆ ಬಂದ ಹುಡುಗಿ ಪಾರವ್ವನ ಮುಂದೆ ಅತ್ತಳು. "ಪಾರಕ್ಕಾ, ಮೈ ತೋ ಬಟನ್ ಹೀ ಢೂಂಢ್ತೀ ರಹ್ ಗಯೀ. ಮುಝಸೇ ನಹೀ ಹೋಗಾ." ಗುಂಡಿ ಹುಡುಕುವುದರಲ್ಲೇ ಹೊತ್ತು ಹೋಯಿತು, ತನ್ನಿಂದ ಇದು ಆಗದು ಎಂದು.

ಅಂದು ಪಾರವ್ವ ಭುಜಂಗರ ಮುಂದೆ ಹೋಗಿ ನಿಂತರು. "ಈ ಹುಡುಗಿಗೆ ನಾವು ತಪ್ಪು ಮಶೀನ್ ಕೊಟ್ಟೀವಿ. ಇನ್ನ ಮ್ಯಾಲ ಕೇಳಿದವರಿಗೆ ನಾ ಖರೇನ ಹೇಳಾಕಿ."

ಭುಜಂಗ ಸಿಟ್ಟಾದರು. "ಗಿರಾಕಿ ಓಡಿಸೂದಾದ್ರ ನೀವೂ ಅವರ ಹಿಂದ ಹೋಗ್ರಿ, ಪಾರವ್ವ."

"ಹೋಗ್ತೀನ್ರಿ. ಆ ಮೂಲ್ಯಾಗ ಬಿದ್ದ ಎರಡು ಕೆಟ್ಟ ಪ್ಲೇಯರ್, ಒಂದು ಮಿಕ್ಸರ್, ಒಂದು ತಿಂಗಳ ನನಗ ಕೊಡ್ರಿ. ಆಮ್ಯಾಲ ಹೋಗಂದ್ರ ಹೋಗ್ತೀನಿ."

ಭುಜಂಗ ಒಪ್ಪಿದರು. ಗುಜರಿಗೆ ಹೋಗಬೇಕಿದ್ದ ಆ ಮೂರನ್ನು ಪಾರವ್ವ ಬಿಚ್ಚಿದರು. ಒಂದರ ಮೋಟಾರು, ಇನ್ನೊಂದರ ತಂತಿ ಸೇರಿಸಿ ಹನ್ನೆರಡು ದಿನದಲ್ಲಿ ಜೀವ ತಂದರು. ಕ್ಲಬ್ಬಿನಲ್ಲಿ ಹೇಗೋ ಹಾಗೆಯೇ ಟೇಬಲ್ಲಿನ ಮೇಲೆ ಜೋಡಿಸಿ, ಕಣ್ಣಿಗಿಂತ ಕಿವಿ ಪಳಗಲೆಂದು ಪ್ಲೇಯರಿನ ಪರದೆಗೆ ರಟ್ಟು ಅಂಟಿಸಿದರು. ಕೆಲಸಕ್ಕೆ ಹೋಗುವ ಮುಂಚೆ, ಆರೂವರೆಯಿಂದ ಎಂಟರವರೆಗೆ ಸೋನಾಲಿ ಅಲ್ಲಿ ನಿಂತು ಕಲಿತಳು. ಮೊದಲ ವಾರ ಬರೀ ಕಣ್ಣು ಮುಚ್ಚಿ ಗುಂಡಿ ಮುಟ್ಟುವುದು. ಆಮೇಲೆ ಒಂದು ಕಿವಿಯಲ್ಲಿ ಮುಂದೆ ಬರುವ ಹಾಡು, ಇನ್ನೊಂದರಲ್ಲಿ ನಡೆದಿರುವ ಹಾಡು. ತಾಳ ತಪ್ಪಿದಾಗ ಗುಂಡಿಗಳ ನಡುವಿನಿಂದ ತಲೆಯೆತ್ತದೆಯೇ ಪಾರವ್ವ ಹೇಳುತ್ತಿದ್ದರು: "ಎಡಗಡಿದು ಓಡಾಕತ್ತೈತಿ. ಹಿಡಿ ಅದನ್ನ."

ಅದೇ ಕ್ಲಬ್ಬು ಇನ್ನೊಂದು ಅವಕಾಶ ಕೊಡಲು ಒಪ್ಪುವ ಹೊತ್ತಿಗೆ ತಿಂಗಳು ದಾಟಿತ್ತು. ದಿನವೂ ಆ ಅಭ್ಯಾಸ ನೋಡುತ್ತಿದ್ದ ಭುಜಂಗ ಆ ಭಾನುವಾರ ತಾವೇ ಪಾರವ್ವನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಠಾಣೆಗೆ ಹೋದರು. ಸೋನಾಲಿಯ ಎರಡನೇ ಹಾಡಿಗೇ ಒಂದು ಪ್ಲೇಯರಿನ ಪರದೆ ಮಿಣುಕಿ ಆರಿಹೋಯಿತು. ಮ್ಯಾನೇಜರ್ ಮುಂದೆ ಬಂದ. ಸೋನಾಲಿ ಕೈಯೆತ್ತಿ ಅವನನ್ನು ತಡೆದಳು, ಹೆಡ್‌ಫೋನನ್ನು ಕಿವಿಗೊತ್ತಿ ಕಣ್ಣು ಮುಚ್ಚಿದಳು. ಹೊಸ ಹಾಡು ಹಳೆಯದರೊಳಗೆ ಸದ್ದಿಲ್ಲದೆ ಬೆರೆಯಿತು. ಕುಣಿಯುತ್ತಿದ್ದವರಿಗೆ ಏನಾಯಿತೆಂದು ಗೊತ್ತೂ ಆಗಲಿಲ್ಲ. ನಲವತ್ತು ನಿಮಿಷ ನುಡಿಸಿದಳು. ಈಗ ತಿಂಗಳಿಗೆ ಎರಡು ಭಾನುವಾರ ಆ ಮಧ್ಯಾಹ್ನಗಳು ಅವಳವೇ.

ಹೊರಗೆ ಬಂದ ಮೇಲೆ ಭುಜಂಗ ಅಂದದ್ದು ಇಷ್ಟೇ: "ಆ ಟೇಬಲ್ ಅಲ್ಲೇ ಇರ್ಲಿ."

ಈಗ ಅಲ್ಲಿ ವಾರಕ್ಕೆ ಒಂಬತ್ತು ಮಂದಿ ಕಲಿಯುತ್ತಾರೆ. ಕಂಟ್ರೋಲರ್ ಕೊಳ್ಳಬೇಕೆನ್ನುವವರನ್ನು ಪಾರವ್ವ ಮೊದಲು ಈ ಟೇಬಲ್ಲಿಗೆ ನಿಲ್ಲಿಸುತ್ತಾರೆ. "ಇಲ್ಲಿ ಪ್ಲೇ ಗುಂಡಿ ಎಡಕ್ಕ ಕೆಳಗೈತಿ, ನೀವು ತಗೊಳ್ಳೋದ್ರಾಗೂ ಅಲ್ಲೇ ಇರ್ಬೇಕು. ವೇಗದ ಪಟ್ಟಿ ಉದ್ದ ಇರ್ಲಿ, ಚಕ್ರ ದೊಡ್ಡದಿರ್ಲಿ. ನಡುವಿನ ಗುಂಡಿ ಮ್ಯಾಲಿಂದ ಕೆಳಗ ಇದ ಸಾಲಿನಾಗ ಬರ್ಬೇಕು. ಪೆನ್‌ಡ್ರೈವ್ ಕ್ಲಬ್ಬಿಗೆ ತಯಾರು ಮಾಡಾಕ ಬರ್ತೈತಿಲ್ಲೋ ಕೇಳ್ರಿ. ದೀಪ ಎಷ್ಟರ ಇರ್ಲಿ ಬಿಡ್ರಿ, ದೀಪಾವಳಿಗೆ ಸಾಕು!" ಅವರ ಬಳಿ ಇರುವ ಹಳೆಯದೇ ಸಾಕೆನಿಸಿದರೆ ಹಾಗೆಂದೇ ಹೇಳಿ ಕಳಿಸುತ್ತಾರೆ. ಹಾಗೆ ಹೋದವರು ತಮ್ಮ ಗೆಳೆಯರನ್ನು ಕರೆತರುತ್ತಾರೆಂದು ಭುಜಂಗರಿಗೂ ಈಗ ಅರಿವಾಗಿದೆ.

ಎಂಟು ಗಂಟೆ. ಬಿಸಿಲು ಟೇಬಲ್ಲಿನವರೆಗೆ ಬಂದಿದೆ. ಅಂದು ಕ್ಲಬ್ಬಿನಲ್ಲಿ ಸೋನಾಲಿಯ ಹಾಡುಗಳು ಹೇಗಿದ್ದವು ಎಂದು ಕೇಳಿದರೆ ಪಾರವ್ವ ನಾಚಿಕೊಳ್ಳುತ್ತಾರೆ.

"ಹಾಡು ಎಲ್ಲಿ ಕೇಳಿದೆ ತಗೀರಿ. ಬಲಗಡಿ ಸ್ಪೀಕರಿನ್ಯಾಗ ಸಣ್ಣ ಗರಗರ ಇತ್ತು, ಅದನ್ನ ಕೇಳ್ಕೋತ ನಿಂತಿದ್ದೆ." ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡುತ್ತಾರೆ. "ಒಂದಿನ ಟಿಕೀಟು ತಗೊಂಡು, ಮುಂದಿನ ಬಾಗಿಲಿನಿಂದ ಒಳಗ ಹೋಗಿ, ಏನೂ ರಿಪೇರಿ ಮಾಡದ ಒಂದು ಹಾಡು ಪೂರ್ತಿ ಕೇಳ್ಬೇಕ್ರಿ. ನಮ್ಮನಿಯವರನ್ನೂ ಕರ್ಕೊಂಡು."