ಬಲಕ್ಕೆ ವಾಲುವ ಕುರ್ಚಿಗಳು

ನಮ್ಮ ಕುಶನ್ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಕುರ್ಚಿಯಾಗಲಿ ಸೋಫಾ ಆಗಲಿ, ಕೆಲಸ ಮುಗಿದ ಮೇಲೆ ಅದನ್ನು ಮಾಡಿದವರೇ ಅದರ ಮೇಲೆ ಕೂತು ಒಂದು ಲೋಟ ಚಹಾ ಕುಡಿಯಬೇಕು. ಅವಸರದಲ್ಲಿ ಗುಟುಕರಿಸುವಂತಿಲ್ಲ, ನಡುವೆ ಎದ್ದು ಓಡಾಡುವಂತಿಲ್ಲ. ಚಹಾ ಮುಗಿಯುವಷ್ಟರಲ್ಲಿ ಒಳಗಿನ ಸ್ಪ್ರಿಂಗು, ಹುರಿ, ನಾರು ಎಲ್ಲವೂ ತಮ್ಮ ತಮ್ಮ ದೂರು ಹೇಳಿಕೊಳ್ಳುತ್ತವೆ ಎಂಬುದು ಅಂಗಡಿಯ ಯಜಮಾನರ ತಂದೆಯವರ ನಂಬಿಕೆಯಾಗಿತ್ತು. ಅವರಿಲ್ಲ, ಕಟ್ಟಳೆ ಉಳಿದಿದೆ. ಕೂತು ನೋಡದ ಕುರ್ಚಿ ನಮ್ಮ ಹೊಸ್ತಿಲು ದಾಟುವುದಿಲ್ಲ.

ಅಂಗಡಿಯ ಮುಂಭಾಗದಲ್ಲಿ, ಬಟ್ಟೆಯ ಮಾದರಿಗಳನ್ನು ತೂಗುಹಾಕಿರುವ ಗೋಡೆಯ ಪಕ್ಕ ನನ್ನ ಮೇಜು. ಗಿರಾಕಿಗಳ ಅಳತೆ ಬರೆದುಕೊಳ್ಳುವುದು, ಫೋನ್ ತೆಗೆಯುವುದು, ತಡವಾದ ಕೆಲಸಕ್ಕೆ ನಂಬುವಂಥ ಕಾರಣ ಹೇಳುವುದು ನನ್ನ ಪಾಲಿನ ಕೆಲಸ. ಅಲ್ಲಿಂದ ಒಳಕೋಣೆ ಪೂರ್ತಿ ಕಾಣುತ್ತದೆ. ಕಿಟಕಿಯ ಕೆಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆ, ಒಂದು ಮೂಲೆಯಲ್ಲಿ ಫೋಮ್ ಹಾಳೆಗಳ ರಾಶಿ, ಇನ್ನೊಂದರಲ್ಲಿ ಚೌಕಟ್ಟು ಕೂಡಿಸುವ ಬಡಗಿ. ಹಲಗೆಗೂ ಫೋಮ್ ರಾಶಿಗೂ ನಡುವಿನ ಜಾಗ ಸೂಜಿಯದು.

ಸೂಜಿ ಎಂಬುದು ಬಡಗಿ ಇಟ್ಟ ಅಡ್ಡಹೆಸರು. ಶಾಲೆ ಮುಗಿಸಿ ಕೆಲಸಕ್ಕೆ ಸೇರಿದ ಕಾಲದಿಂದಲೂ ಅವಳ ಅಂಗಿಯ ಕೊರಳಪಟ್ಟಿಯಲ್ಲಿ ದಾರ ಪೋಣಿಸಿದ ಸೂಜಿಯೊಂದು ಚುಚ್ಚಿಕೊಂಡೇ ಇರುತ್ತಿತ್ತು. ಮಾತೂ ಹಾಗೆಯೇ ಇತ್ತು. ಆಗ ಎಲ್ಲರೂ ಅವಳನ್ನು ಹುಡುಗನೆಂದೇ ತಿಳಿದಿದ್ದರು. ಮೂವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ, ಸ್ಪ್ರಿಂಗುಗಳಿಗೆ ಹುರಿ ಕಟ್ಟುತ್ತಲೇ, ತಾನು ಹೆಣ್ಣೆಂದೂ ಇನ್ನು ಮುಂದೆ ಹೆಣ್ಣಾಗಿಯೇ ಬದುಕುವುದಾಗಿಯೂ ಅವಳು ಯಜಮಾನರಿಗೆ ಹೇಳಿದಳು. ಯಜಮಾನರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. "ಕೆಲಸ ಇದೇ ಮಾಡ್ತೀಯಲ್ಲ?" ಎಂದು ಕೇಳಿದರು. "ಇನ್ನೇನು, ಹಾರೋದು ಕಲೀತೀನಾ?" ಎಂದಳು. "ಸರಿ ಮತ್ತೆ," ಎಂದರು. ಬಡಗಿಯ ಮೊದಲ ಪ್ರಶ್ನೆ ಹೆಸರಿನದು. ಸೂಜಿ ಸೂಜಿಯೇ ಎಂದು ತಿಳಿದಾಗ ಅವನಿಗೆ ದೊಡ್ಡ ಸಮಾಧಾನವಾಯಿತು.

ಸುಲಭವಾಗದೆ ಹೋದದ್ದು ಮನೆಯಲ್ಲಿ. ಮನೆಯೆಂದರೆ ಅಕ್ಕ ಮಾತ್ರ. ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ದಿನವಿಡೀ ಕೂರುವ, ಚಿಲ್ಲರೆಯಷ್ಟೇ ಚುಟುಕಾಗಿ ಮಾತನ್ನೂ ಎಣಿಸಿಕೊಡುವ ಹೆಂಗಸು. ತಂಗಿಯನ್ನು ತಂಗಿಯೆನ್ನಲು ಅವಳಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅವಳು ಬೆದರಿದಳು. ಇಷ್ಟು ದೊಡ್ಡ ಆಪರೇಷನ್ ಯಾಕೆ, ಹೀಗೇ ಇದ್ದರೆ ಏನಾಯಿತು ಎಂದು ವಾದಿಸಿದಳು. ಕೊನೆಗೆ ಸೋತು ಹೇಳಿದ ಮಾತನ್ನು ಸೂಜಿ ನನ್ನೆದುರು ಅದೇ ಧಾಟಿಯಲ್ಲಿ ಆಡಿ ತೋರಿಸಿದ್ದಳು: "ದೇಹ ನಿಂದು, ತಲೆ ನಿಂದು. ನೀನು ಯಾರ ಮಾತೂ ಕೇಳೋಳಲ್ಲ. ಆದ್ರೆ ನಾಳೆ ನನ್ನ ಹತ್ರ ಅಳ್ತಾ ಬರಬೇಡ."

ಅಕ್ಕನೇ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತಳು. ಗಂಜಿ ಕುಡಿಸಿದಳು, ಬಟ್ಟೆ ಒಗೆದಳು, ಬಚ್ಚಲಿಗೆ ನಡೆಸಿಕೊಂಡು ಹೋದಳು. ಆ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಪ್ರಾಯಶಃ ಅವಳಿಗದು ಮರೆತೇ ಹೋಗಿತ್ತು.

ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಸೂಜಿ ಕೆಲಸಕ್ಕೆ ಮರಳಿದಳು. ಹೊರಗಿನ ಗಾಯ ಬಹುಮಟ್ಟಿಗೆ ಮಾಗಿತ್ತು. ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ನಿರಾಳವಿತ್ತು. ಬಹುಕಾಲ ಕಾದು ಕೊನೆಗೂ ಊರು ತಲುಪಿದವರ ಮುಖ. ಜೊತೆಗೆ ದಣಿವೂ ಇತ್ತು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ಬೆಳಿಗ್ಗೆ ಚೆನ್ನಾಗಿಯೇ ಇರುವಳು. ಆಸನದಡಿಯ ಪಟ್ಟಿ ಎಳೆದು ಮೊಳೆ ಹೊಡೆಯುವ ಬಿರುಸಿನ ಕೆಲಸವನ್ನು ಆಗಲೇ ಮುಗಿಸಿಬಿಡುವಳು. ಆಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಯಾರೋ ಸ್ಪ್ರಿಂಗಿನ ಕಟ್ಟು ಕತ್ತರಿಸಿದಂತೆ ಮೈ ಸಡಿಲವಾಗುತ್ತಿತ್ತು. ಸುತ್ತಿಗೆ ಹಿಡಿದ ಕೈ ಎತ್ತುವುದಕ್ಕೂ ಯೋಚಿಸಬೇಕಾಗುತ್ತಿತ್ತು. ಒಳಗಿನ ಹೊಲಿಗೆಯನ್ನು ದೇಹ ಇನ್ನೂ ಹಾಕುತ್ತಲೇ ಇದೆ, ನಿಮಗೆ ಕೊಡಲು ಅದರ ಹತ್ತಿರ ಶಕ್ತಿ ಮಿಕ್ಕಿಲ್ಲ, ಇದು ತಿಂಗಳುಗಟ್ಟಲೆ ಇರಬಹುದು ಎಂದು ವೈದ್ಯರು ಹೇಳಿದ್ದರಂತೆ. ದಿನವೂ ಮಲಗಿ ಮಾಡಿಕೊಳ್ಳಲೇಬೇಕಾದ ಆರೈಕೆಯೊಂದಿತ್ತು. ಅದು ವಿಶ್ರಾಂತಿಯ ಹೊತ್ತನ್ನೂ ತಿಂದುಹಾಕುತ್ತಿತ್ತು.

ಕೂರುವುದು ಇನ್ನೊಂದು ಕಷ್ಟ. ಅದಕ್ಕಾಗಿ ಅವಳೇ ನಡುವೆ ತೂತಿರುವ ದುಂಡನೆಯ ದಿಂಬೊಂದನ್ನು ರೆಕ್ಸಿನ್‌ನಲ್ಲಿ ಹೊಲಿದುಕೊಂಡಿದ್ದಳು. ಅಂಥ ಅಚ್ಚುಕಟ್ಟಾದ ಹೊಲಿಗೆ ನಮ್ಮ ಅಂಗಡಿಯ ಯಾವ ಸೋಫಾಕ್ಕೂ ಬಿದ್ದಿಲ್ಲ.

"ಇದ್ಯಾವ ಗಾಡಿ ಟೈರು?" ಎಂದು ಬಡಗಿ ಅದನ್ನು ಎತ್ತಿ ನೋಡಿದ.

"ನನ್ನ ಗಾಡೀದು. ಕೆಳಗಿಡು, ಇಲ್ದಿದ್ರೆ ಪಂಚರ್ ಮಾಡ್ತೀನಿ. ಟೈರನ್ನಲ್ಲ, ನಿನ್ನ."

ಒಮ್ಮೆ ಸೋಫಾ ಒಂದರ ಮೇಲೆ ಕಟ್ಟಳೆಯಂತೆ ಚಹಾ ಕುಡಿಯುತ್ತಲೇ ಅವಳಿಗೆ ಜೊಂಪು ಹತ್ತಿತು. ಲೋಟ ಜಾರಿ ನೆಲಕ್ಕೆ ಬಿದ್ದಿತು. "ಸೋಫಾ ಪಾಸು, ಲೋಟ ಫೇಲು," ಎಂದ ಬಡಗಿ. ಎಲ್ಲರೂ ನಕ್ಕೆವು. ನಗುತ್ತಲೇ ಅವಳು ನನ್ನ ಕಡೆ ನೋಡಿದ ರೀತಿಯಲ್ಲಿ, ಇದನ್ನು ಹೊರಗೆಲ್ಲೂ ಹೇಳಬೇಡಿ ಎಂಬ ಕೋರಿಕೆಯಿತ್ತು. ಅಕ್ಕ ಆಗೀಗ ಅಂಗಡಿಗೆ ಫೋನ್ ಮಾಡಿ "ಹೇಗಿದಾಳೆ?" ಎಂದು ನನ್ನನ್ನು ಕೇಳುವುದಿತ್ತು. ನನ್ನ ಫೋನಿನ ಮಾತಿಗೆ ಒಳಗೆ ಸೂಜಿಯ ಕಿವಿ ಯಾವಾಗಲೂ ತೆರೆದಿರುತ್ತಿತ್ತು. "ಚೆನ್ನಾಗಿದಾಳೆ," ಎನ್ನುತ್ತಿದ್ದೆ.

ಆ ದಿನಗಳಲ್ಲಿ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನಲ್ಲಿ ಕಾಯುವವರಿಗೆಂದು ಆರು ಕುರ್ಚಿ ಮಾಡಿಸಿದರು. ಚೌಕಟ್ಟು ಬಡಗಿಯದು, ಉಳಿದದ್ದೆಲ್ಲ ಸೂಜಿಯದು. ಆರೂ ಹೋದವು. ಸ್ವಲ್ಪ ದಿನ ಕಳೆದು ಡಾಕ್ಟರ ಫೋನ್ ಬಂತು.

"ನೋಡಿ ಮೇಡಂ, ನಿಮ್ಮ ಕುರ್ಚೀಲಿ ಕೂತೋರೆಲ್ಲ ಬಲಗಡೆಗೆ ವಾಲ್ತಾರೆ. ಮೊದಲು ಹಲ್ಲುನೋವಿಗೆ ಅಂದ್ಕೊಂಡೆ. ಆದ್ರೆ ಎಡಗಡೆ ಹಲ್ಲು ನೋಯೋರೂ ಬಲಕ್ಕೇ ವಾಲ್ತಿದಾರೆ. ಸಾಲಾಗಿ ಕೂತ್ರೆ ಬಸ್ಸು ತಿರುವಿನಲ್ಲಿ ಹೋಗ್ತಿರೋ ಹಾಗೆ ಕಾಣತ್ತೆ."

ಕುರ್ಚಿಗಳು ಮರಳಿ ಬಂದವು. ಬಡಗಿ ಮೊದಲೇ ಸಿಡಿಮಿಡಿಗೊಂಡಿದ್ದ. ರಸಮಟ್ಟ ತಂದು ಆರೂ ಚೌಕಟ್ಟುಗಳ ಮೇಲಿಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತದ್ದನ್ನು ಒಬ್ಬೊಬ್ಬರಿಗೂ ತೋರಿಸಿದ. "ನನ್ನ ಮರ ನೆಟ್ಟಗಿದೆ. ಆಮೇಲೆ ಯಾರ ಕೈ ಬಿತ್ತೋ ಅವರನ್ನ ಕೇಳಿ." ಯಜಮಾನರು ಒಂದರಲ್ಲಿ ಕೂತರು. ವಾಲಿದರು. ನಾನು ಕೂತೆ. ನಾನೂ ವಾಲಿದೆ. ಯಜಮಾನರು ಎದ್ದು ಅಂಗೈಯನ್ನು ಆಸನದ ಮೇಲೆ ಊರಿ ಒತ್ತುತ್ತ ಬಂದರು. ಎಡಭಾಗ ಬಿಗಿಯಾಗಿ, ತುಸು ಎತ್ತರವಾಗಿ ತುಂಬಿತ್ತು. ಬಲಭಾಗ ಮೆತ್ತಗೆ ಕುಸಿಯುತ್ತಿತ್ತು. ಆರರಲ್ಲಿಯೂ ಹಾಗೆಯೇ. ಅಜಾಗರೂಕತೆಯ ಕೆಲಸ ಹೀಗೆ ಒಂದೇ ಸಮನಾಗಿರುವುದಿಲ್ಲ.

"ಸೂಜಿ, ಕೂತು ನೋಡಿದ್ಯಾ?"

"ನೋಡಿದ್ದೆ."

"ಎಲ್ಲದರಲ್ಲೂ?"

"ಎಲ್ಲದರಲ್ಲೂ. ನನಗೆ ಸರಿಯಾಗೇ ಇತ್ತು."

ಅವಳು ಹಲಗೆಗೆ ಒರಗಿ, ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು ನಿಂತಿದ್ದಳು. ಯಜಮಾನರು ಆ ನಿಲುವನ್ನು ನೋಡಿದರು. ನಾನೂ ಆಗಲೇ ನೋಡಿದ್ದು. ಬಲಗಡೆ ಇನ್ನೂ ನೋಯುತ್ತಿದ್ದುದರಿಂದ ಅವಳು ಎಡತೊಡೆಯ ಮೇಲೆ ಕೂರುವುದನ್ನು ರೂಢಿಸಿಕೊಂಡಿದ್ದಳು. ದಣಿವಿದ್ದಾಗ ಆ ವಾಲು ಇನ್ನಷ್ಟು. ಹಾಗೆ ಕೂತಾಗ ಎಡಭಾಗ ಕುಸಿದಂತೆನಿಸಿ ಅಲ್ಲಿ ನಾರು ಸೇರಿಸಿದ್ದಳು. ಭಾರವೇ ಬೀಳದ ಬಲಭಾಗವನ್ನು ಹಾಗೆಯೇ ಬಿಟ್ಟಿದ್ದಳು. ಕಟ್ಟಳೆಯನ್ನು ಅವಳು ಮುರಿದಿರಲಿಲ್ಲ. ಆರು ಕುರ್ಚಿಗಳನ್ನೂ ತನ್ನ ನೋವಿನ ಅಳತೆಗೆ ಸರಿಯಾಗಿ ಮಾಡಿದ್ದಳು.

ಬಡಗಿ ರಸಮಟ್ಟವನ್ನು ಚೀಲಕ್ಕೆ ಸೇರಿಸಿದ. "ಟೈರು ನೋಡಿದಾಗಲೇ ನನಗೆ ಹೊಳೀಬೇಕಿತ್ತು," ಎಂದು ಗೊಣಗಿ ತನ್ನ ಮೂಲೆಗೆ ಹೋದ.

"ಮನೆಗೆ ಹೋಗಿ ಇನ್ನೊಂದಷ್ಟು ದಿನ ಮಲಗು," ಎಂದರು ಯಜಮಾನರು.

"ಬೇಡ."

"ಸಂಬಳ ನಿಲ್ಸಲ್ಲ."

"ಅದಕ್ಕಲ್ಲ."

ಯಾವುದಕ್ಕೆಂದು ಅವಳು ನನಗೆ ಹೇಳಿದ್ದು ಆ ಮಧ್ಯಾಹ್ನ, ಹಿತ್ತಲಿನ ಮೆಟ್ಟಿಲ ಮೇಲೆ. ದಿಂಬು ಹಾಕಿಕೊಂಡು ಕೂತಿದ್ದಳು. ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿತ್ತು.

"ಮೇಡಂ, ನಿಮಗೆ ಅಪೆಂಡಿಕ್ಸ್ ತೆಗೆದಾಗ ಸುಸ್ತಾಗಿರಲಿಲ್ವಾ?"

"ಆಗಿತ್ತು. ಬಹಳ ದಿನ."

"ತೆಗೆಸಿದ್ದು ತಪ್ಪಾಯ್ತು ಅನ್ಸತ್ತಾ ಅಂತ ಯಾರಾದ್ರೂ ನಿಮ್ಮನ್ನ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ.

"ನನ್ನನ್ನ ಕೇಳ್ತಾರೆ. ಬಾಯಲ್ಲಿ ಕೇಳದೋರು ಕಣ್ಣಲ್ಲಿ ಕೇಳ್ತಾರೆ. ನಾನು ಸುಸ್ತು ಅಂದ್ರೆ ಅಕ್ಕನಿಗೆ 'ತಪ್ಪು ಮಾಡ್ದೆ' ಅಂತ ಕೇಳಿಸತ್ತೆ. ಅದಕ್ಕೇ ಮನೇಲಿ ನೆಟ್ಟಗೆ ಕೂತು ಊಟ ಮಾಡ್ತೀನಿ, ಪಾತ್ರೆ ತೊಳೀತೀನಿ. ನೆಟ್ಟಗೆ ಕೂರೋ ಶಕ್ತಿಯೆಲ್ಲ ಅಲ್ಲೇ ಖರ್ಚಾಗತ್ತೆ. ಇಲ್ಲಿಗೆ ಬರೋದು ಮಿಕ್ಕಿದ್ದು."

ಸಂಜೆ ಯಜಮಾನರು ತೀರ್ಮಾನ ಹೇಳಿದರು. ಕುರ್ಚಿಗಳನ್ನು ಬಿಚ್ಚಿ ಮತ್ತೆ ತುಂಬುವವಳು ಅವಳೇ, ತನಗೆ ಆದಷ್ಟು ಹೊತ್ತು ಮಾತ್ರ. ಉಳಿದ ಹೊತ್ತು ಫೋಮ್ ರಾಶಿಯ ಮೇಲೆ ಮಲಗತಕ್ಕದ್ದು. "ಆದ್ರೆ ಕೂತು ನೋಡೋದು ನಿನ್ನಿಂದಾಗಲ್ಲ. ಕೂತು ನೋಡದೆ ಕಳ್ಸೋದು ನನ್ನಿಂದಾಗಲ್ಲ. ನಿನ್ನ ಬದಲು ಯಾರನ್ನಾದ್ರೂ ಕರ್ಕೊಂಡು ಬಾ. ಇಲ್ಲಿಯೋರು ಬೇಡ. ನಾವೆಲ್ಲ ನಿನ್ನ ಮುಖ ನೋಡಿ ಚೆನ್ನಾಗಿದೆ ಅಂದುಬಿಡ್ತೀವಿ. ಮುಲಾಜಿಲ್ಲದೆ ಹೇಳೋರು ಬೇಕು."

ಸೂಜಿ ಕತ್ತರಿಗೆ ಸುತ್ತಿದ್ದ ನೂಲು ಬಿಡಿಸಿದಳು. "ಅಂಥೋರು ನನಗೆ ಒಬ್ಬರೇ ಗೊತ್ತು," ಎಂದಳು.

ಮನೆಯಲ್ಲಿ ನಡೆದದ್ದನ್ನು ಮಾರನೆಯ ದಿನ ಅವಳೇ ಹೇಳಿದಳು. ಅಕ್ಕ ತನ್ನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳಂತೆ. ಇವಳು ಬಾಗಿಲ ಚೌಕಟ್ಟಿಗೆ ಒರಗಿ, "ಅಕ್ಕಾ, ನಂಗೆ ಸುಸ್ತು," ಎಂದಳು.

"ಗೊತ್ತು."

"ಏನು ಗೊತ್ತು?"

"ಮೆಟ್ಟಿಲು ಹತ್ತಿ ಬಂದು ಬಾಗಿಲ ಹೊರಗೇ ನಿಂತ್ಕೋತೀಯ. ಉಸಿರು ಸರಿಮಾಡ್ಕೊಂಡು ಆಮೇಲೆ ಬೀಗ ತೆಗೀತೀಯ. ಒಳಗೆ ಕೇಳಿಸತ್ತೆ."

"ಮತ್ಯಾಕೆ ಕೇಳ್ಲಿಲ್ಲ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ನೀನು ಹೇಳ್ಲಿಲ್ಲ. ನೀನು ಮಾತು ಮುಚ್ಚಿಡೋಳಲ್ಲ. ಮುಚ್ಚಿಡ್ತಿದೀಯ ಅಂದ್ರೆ, ಮಾಡ್ಸಿಕೊಂಡಿದ್ದಕ್ಕೆ ಒಳಗೊಳಗೇ ಕೊರಗ್ತಿದೀಯ ಅಂದ್ಕೊಂಡೆ. ಕೇಳೋಕೆ ಭಯ ಆಯ್ತು."

"ಕೊರಗಿಲ್ಲ ಅಕ್ಕ. ಒಂದು ದಿನಾನೂ ಇಲ್ಲ. ಬರೀ ಸುಸ್ತು. ಹಿಂಡಿದ ಬಟ್ಟೆ ಹಾಗೆ. ನೀನೇ ಅಂದಿದ್ಯಲ್ಲ, ಬರಬೇಡ ಅಂತ."

"ಅಳ್ತಾ ಬರಬೇಡ ಅಂದೆ. ಸುಸ್ತಾಗಿ ಬರಬೇಡ ಅಂದ್ನಾ?" ಎಂದಳಂತೆ ಅಕ್ಕ. ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಅಂಗಿಯ ಒಂದೇ ತೋಳನ್ನು ಎರಡೆರಡು ಸಲ ತೀಡುತ್ತ, "ಅಳ್ತಾ ಬಂದಿದ್ರೂ ಬಾಗಿಲು ಹಾಕ್ತಿರಲಿಲ್ಲ. ಸಿಟ್ಟಲ್ಲಿ ಆಡಿದ ಮಾತನ್ನ ಇಷ್ಟು ಜೋಪಾನವಾಗಿ ಇಟ್ಕೊಂಡಿರ್ತೀಯ ಅಂತ ನನಗೇನು ಗೊತ್ತು?" ಎಂದಳು.

ಪಾತ್ರೆಗಳನ್ನು ಅಂದು ಅಕ್ಕನೇ ತೊಳೆದಳು. ಸೂಜಿ ಮಲಗಿಕೊಂಡೇ ಕುರ್ಚಿಗಳ ಕಥೆ ಹೇಳಿದಳಂತೆ. ಹಲ್ಲುನೋವಿನವರು ಬಸ್ಸಿನಂತೆ ವಾಲಿದ ಭಾಗ ಬಂದಾಗ ಅಕ್ಕ ನಲ್ಲಿಯನ್ನು ನಿಲ್ಲಿಸಿ ನಕ್ಕಳಂತೆ.

ಕುರ್ಚಿಗಳು ನಿಧಾನವಾಗಿ ಸಿದ್ಧವಾದವು. ಅಕ್ಕ ತನ್ನ ವಾರದ ರಜೆಯ ದಿನ ಅಂಗಡಿಗೆ ಬಂದಳು. ಫೋನಿನ ದನಿಯಿಂದಷ್ಟೇ ಪರಿಚಯವಿದ್ದವಳನ್ನು ನಾನು ಎದುರಿಗೆ ಕಂಡದ್ದು ಅಂದೇ. ಸೂಜಿಗಿಂತ ಕುಳ್ಳು, ಸೂಜಿಗಿಂತ ಮೊನಚು. "ಚೆನ್ನಾಗಿದಾಳೆ ಅಂತ ಹೇಳ್ತಿದ್ದೋರು ನೀವೇನಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

"ಬನ್ನಿ ತಾಯಿ," ಎಂದರು ಯಜಮಾನರು, ಮೊದಲ ಲೋಟ ಚಹಾವನ್ನು ತಾವೇ ಕೊಡುತ್ತ. "ನಿಮಗೆ ತೋಚಿದ್ದನ್ನ ಹೇಳಿ. ಸಂಕೋಚ ಬೇಡ."

"ಸಂಕೋಚ ನಮ್ಮ ಕೌಂಟರಿನಲ್ಲಿ ಸಿಗಲ್ಲ."

ಸೂಜಿ ಫೋಮ್ ರಾಶಿಯ ಮೇಲೆ ಎಲ್ಲರೆದುರೇ ಕಾಲು ಚಾಚಿ ಮಲಗಿದ್ದಳು. ಅಕ್ಕ ಕಣ್ಣು ಮುಚ್ಚಿ ಕೂತಳು. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯದರಲ್ಲಿ, "ಬಲಗಡೆ ಹಿಂದೆ ಏನೋ ಗಂಟು ಗೊಣಗ್ತಿದೆ," ಎಂದಳು. ಸೂಜಿ ಏಳಲು ಮೊಣಕೈ ಊರಿದಳು.

"ಮಲಕ್ಕೋ," ಎಂದಳು ಅಕ್ಕ.

"ಗಂಟು ನಾನೇ ಬಿಚ್ಚಬೇಕು."

"ಆಮೇಲೆ ಬಿಚ್ಚು. ಅದೆಲ್ಲಿಗೂ ಹೋಗಲ್ಲ."

ಸೂಜಿ ಮೊಣಕೈ ಸಡಿಲಿಸಿ ಮತ್ತೆ ಮಲಗಿದಳು. ದಣಿವು ಆ ದಿನ ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ. ಆದರೆ ಆ ಕೋಣೆಯಲ್ಲಿ ಅದಕ್ಕೊಂದು ಜಾಗ ಸಿಕ್ಕಿತು. ಆಮೇಲೆ ಸೂಜಿ ಎದ್ದು ಗಂಟು ಬಿಚ್ಚಿ ಕಟ್ಟುವಷ್ಟರಲ್ಲಿ ಅಕ್ಕ ನಾಲ್ಕನೆಯ, ಐದನೆಯ ಕುರ್ಚಿಗಳನ್ನೂ ಕೂತು ಮುಗಿಸಿದ್ದಳು.

ಆರನೆಯ ಕುರ್ಚಿಯಲ್ಲಿ ಅಕ್ಕ ಏನೂ ಹೇಳಲಿಲ್ಲ. ಯಜಮಾನರು ಕಾದರು. ಲೋಟದಲ್ಲಿ ಚಹಾ ಕೆನೆಗಟ್ಟಿತು. ಬಡಗಿ ಮೆಲ್ಲಗೆ ಬಗ್ಗಿ ನೋಡಿದ. ಅಕ್ಕ ನಿದ್ದೆಹೋಗಿದ್ದಳು. ತಿಂಗಳುಗಟ್ಟಲೆ ಬಾಗಿಲ ಆಚೆಯ ಉಸಿರನ್ನು ಕೇಳಿಸಿಕೊಳ್ಳುತ್ತಿದ್ದವಳಿಗೂ ದಣಿವಿರಬಹುದೆಂದು ನಮಗಾರಿಗೂ ಹೊಳೆದಿರಲಿಲ್ಲ. ತಲೆ ಹಿಂದಕ್ಕೆ ಒರಗಿತ್ತು. ಭುಜಗಳೆರಡೂ ಒಂದೇ ಎತ್ತರದಲ್ಲಿದ್ದವು.

ಸೂಜಿ ಹೋಗಿ ಅವಳ ಬೆರಳುಗಳಿಂದ ಲೋಟವನ್ನು ಬಿಡಿಸಿಕೊಂಡಳು. ಬಡಗಿ ಎತ್ತಿದ್ದ ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಫೋನ್ ಬಂತು. ಕುರ್ಚಿಗಳು ಹೊರಟವೇ ಎಂದು ಕೇಳಿದರು. ನಾನು ಒಳಗೆ ನೋಡಿ, ದನಿ ತಗ್ಗಿಸಿ, ಐದು ಸಿದ್ಧವಾಗಿವೆ, ಆರನೆಯದನ್ನು ಇನ್ನೂ ಕೂತು ನೋಡುತ್ತಿದ್ದಾರೆ ಎಂದೆ.